ಎಲುಬಿನ ಅಗತ್ಯ, ರೋಗಿಯ ಜೇಬು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಹಿರಿಯರ ವಿವೇಕದ ನುಡಿ. ಮದುವೆ, ಮನೆ, ಹಬ್ಬಗಳ ಖರ್ಚಿಗೆ ಇದು ಸಲ್ಲುತ್ತದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿಯೂ ಇದು ಸಲ್ಲುವುದೇ? ಬಡವನ ದೇಹಕ್ಕೆ ಅವನ ಹಾಸಿಗೆಯ ಅಳತೆಯ ಚಿಕಿತ್ಸೆಯೇ ಸಾಕೆನ್ನುವುದು ಧರ್ಮವೇ? ಮಿದುಳಿನ ಶಸ್ತ್ರಚಿಕಿತ್ಸೆಯ ಒಂದು ಸಣ್ಣ ವಿವರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬಹುದು.

ನಮ್ಮ ಕೋವಾಡ, ಚಂದಗಡ, ಗಡಹಿಂಗ್ಲಜ ಭಾಗದಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಬೆಳಗಾವಿಗೋ ಕೊಲ್ಹಾಪುರಕ್ಕೋ ಒಯ್ಯುವುದು ರೂಢಿ. ಕೊಲ್ಹಾಪುರದ ಸಮೀಪದ ಕಣೇರಿಯಲ್ಲಿ ಮಠದ ಆಶ್ರಯದ ಸಿದ್ಧಗಿರಿ ಆಸ್ಪತ್ರೆಯಲ್ಲಿಯೂ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಇಂಥ ಚಿಕಿತ್ಸೆಯಲ್ಲಿ ತಲೆಬುರುಡೆಗೆ ಸಣ್ಣ ರಂಧ್ರಗಳನ್ನು ಕೊರೆದು, ಅವುಗಳ ನಡುವೆ ಕೊಯ್ದು, ಎಲುಬಿನ ಒಂದು ತುಣುಕನ್ನು ಕಿಟಕಿಯ ಕದದಂತೆ ತೆಗೆಯುತ್ತಾರೆ. ಒಳಗಿನ ಕೆಲಸ ಮುಗಿದ ಮೇಲೆ ಆ ಕದವನ್ನು ಮರಳಿ ಕೂಡಿಸಬೇಕು. ಪ್ರಶ್ನೆ ಏಳುವುದು ಇಲ್ಲಿಯೇ.

ಕೂಡಿಸುವ ದಾರಿಗಳು ಹಲವು. ಅಂಚಿನಲ್ಲಿ ಸೂಕ್ಷ್ಮ ರಂಧ್ರ ಮಾಡಿ ರೇಷ್ಮೆ ಅಥವಾ ನೈಲಾನ್ ದಾರದಿಂದ ಬಿಗಿಯುವುದು ಒಂದು. ಉಕ್ಕಿನ ತಂತಿಯಿಂದ ಹೊಸೆದು ಕಟ್ಟುವುದು ಇನ್ನೊಂದು. ಟೈಟಾನಿಯಂ ಲೋಹದ ಪುಟ್ಟ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂಡಿಸುವುದು ಮತ್ತೊಂದು. ಪಟ್ಟಿಗಳಿಗೆ ಸಾವಿರಾರು ರೂಪಾಯಿ ಬೇಕು. ದಾರಕ್ಕೆ ಅದರ ಅಲ್ಪಾಂಶ ಸಾಕು. ಉಕ್ಕಿನ ತಂತಿ ಇದ್ದೆಡೆ ಸ್ಕ್ಯಾನ್ ಚಿತ್ರ ಮಬ್ಬಾಗುತ್ತದೆ. ದಾರಕ್ಕೆ ಆ ತೊಂದರೆ ಇಲ್ಲ. ಎಲುಬನ್ನು ಓರೆಯಾಗಿ ಕೊಯ್ದಿದ್ದರೆ ಅದು ಗಡಿಗೆಯ ಬಾಯಿಗೆ ಮುಚ್ಚಳ ಕೂತಂತೆ ಕೂಡುತ್ತದೆ, ಒಳಗೆ ಕುಸಿಯುವುದಿಲ್ಲ. ಮಿದುಳು ಬಾತು, ಎಲುಬನ್ನು ಕೂಡಲೇ ಮರಳಿಸಲಾಗದಿದ್ದರೆ, ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಅದನ್ನು ಇಟ್ಟು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ತೆಗೆದು ತಲೆಗೆ ಕೂಡಿಸುವ ಪದ್ಧತಿಯೂ ಇದೆ. ಶೀತಲ ಪೆಟ್ಟಿಗೆ ಬೇಕಿಲ್ಲ. ರೋಗಿಯ ಎಲುಬು ರೋಗಿಯ ಬಳಿಯೇ ಇರುತ್ತದೆ.

ಹಾಗಾದರೆ ಪಟ್ಟಿ ವ್ಯರ್ಥವೇ? ಅಲ್ಲ. ಪಟ್ಟಿ ಎಲುಬನ್ನು ಹೆಚ್ಚು ಭದ್ರವಾಗಿ ಹಿಡಿಯುತ್ತದೆ. ಹಣೆಯಂತಹ ಎದ್ದು ಕಾಣುವ ಭಾಗದಲ್ಲಿ, ಎಲುಬು ಹಲವು ಚೂರಾದಲ್ಲಿ, ಅದರ ಉಪಯೋಗ ನಿಜವಾದದ್ದು. ದಾರ ಕೆಲವೊಮ್ಮೆ ಸಡಿಲಾಗಿ ಎಲುಬು ತುಸು ತಗ್ಗುವುದುಂಟು. ಆದ್ದರಿಂದ ಅಗ್ಗವೆಲ್ಲ ಒಳ್ಳೆಯದೆಂಬ ಮಾತೂ, ದುಬಾರಿಯೆಲ್ಲ ಶ್ರೇಷ್ಠವೆಂಬ ಮಾತೂ ಸಮನಾಗಿ ತಪ್ಪು. ಈ ಎಲುಬಿಗೆ, ಈ ಜಾಗದಲ್ಲಿ, ಎಷ್ಟು ಬಿಗಿ ಬೇಕೆಂಬುದೇ ಸರಿಯಾದ ಪ್ರಶ್ನೆ. ಎಲುಬಿನ ಅಗತ್ಯವನ್ನು ಅಳೆದು ದಾರವನ್ನು ಆರಿಸಿದರೆ ಅದು ಮಿತವ್ಯಯ. ರೋಗಿಯ ಜೇಬನ್ನು ಮಾತ್ರ ಅಳೆದು ಆರಿಸಿದರೆ ಅದು ಅವಜ್ಞೆ. ದಾರ ಒಂದೇ, ಕಟ್ಟುವವನ ಮನಸ್ಸು ಬೇರೆ.

ಈ ಭೇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಧುಳೆ ಜಿಲ್ಲೆಯ ದೊಂಡಾಯಿಚಾದ ಶಸ್ತ್ರವೈದ್ಯ ಡಾ. ರವೀಂದ್ರನಾಥ ತೋಂಗಾಂವಕರ ಅವರು ಹರ್ನಿಯಾ ಚಿಕಿತ್ಸೆಗೆ ದುಬಾರಿ ಜಾಲರಿಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧೀಕರಿಸಿ ಬಳಸಿದರು. ಬಡವರಿಗೆ ಇಷ್ಟು ಸಾಕೆಂದು ಅವರು ಸುಮ್ಮನಾಗಲಿಲ್ಲ. ಪರೀಕ್ಷಿಸಿ, ಫಲಿತಾಂಶವನ್ನು ವೈದ್ಯಲೋಕದ ಮುಂದಿಟ್ಟರು. ಮುಂದೆ ಉಗಾಂಡಾ ದೇಶದಲ್ಲಿ ಸೊಳ್ಳೆಪರದೆಯ ಜಾಲರಿಯನ್ನೂ ದುಬಾರಿ ಜಾಲರಿಯನ್ನೂ ಹೋಲಿಸಿ ನೋಡಿದರು. ಒಂದು ವರ್ಷದ ನಂತರ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂಬ ವರದಿ 2016ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಡ್ಡಿಕೊಂಡ ಅಗ್ಗದ ವಸ್ತುವಿಗೆ ಮಾನವಿದೆ.

ಬೌದ್ಧರ ವಿನಯಪಿಟಕದಲ್ಲಿ ವೈದ್ಯ ಜೀವಕನು ರಾಜಗೃಹದ ಶ್ರೇಷ್ಠಿಯೊಬ್ಬನ ತಲೆಯನ್ನು ತೆರೆದು, ಎರಡು ಹುಳುಗಳನ್ನು ತೆಗೆದು, ಮರಳಿ ಹೊಲಿದ ಕಥೆಯಿದೆ. ಗುಣಮುಖನಾದ ಶ್ರೇಷ್ಠಿ ತನ್ನ ಸರ್ವಸ್ವವನ್ನೂ ಕೊಡಲು, ದಾಸನಾಗಲೂ ಸಿದ್ಧನಾದ. ಜೀವಕ ಅದನ್ನು ಒಲ್ಲದೆ, ರಾಜನಿಗೂ ತನಗೂ ನಿಗದಿತ ಹಣವನ್ನಷ್ಟೇ ಕೇಳಿದ. ಬೇನೆಯಿಂದ ಪಾರಾದವನು ಸಾಲದಲ್ಲಿ ಮುಳುಗಬಾರದೆಂಬ ನೀತಿಯನ್ನು ನಾವು ಇದರಲ್ಲಿ ಓದಬಹುದು. ಹೊಲ ಮಾರಿ ಪಟ್ಟಿ ಹಾಕಿಸಿಕೊಂಡ ರೈತನ ತಲೆ ಗಟ್ಟಿಯಾದೀತು. ಮಕ್ಕಳ ಅನ್ನದ ಗತಿಯೇನು?

ಹೀಗಾಗಿ ಅಗ್ಗದ ಚಿಕಿತ್ಸೆ ನ್ಯಾಯವಾಗಲು ಮೂರು ನಿಬಂಧನೆಗಳು ಬೇಕೆಂದು ನನಗೆ ತೋರುತ್ತದೆ. ಒಂದು, ಇದೇ ಪೆಟ್ಟು ಸ್ವಂತ ಮಗನಿಗೆ ಬಿದ್ದಿದ್ದರೂ ವೈದ್ಯರು ಇದನ್ನೇ ಒಪ್ಪುವಂತಿರಬೇಕು. ಎರಡು, ಇರುವ ದಾರಿಗಳನ್ನು, ಅವುಗಳ ಗುಣದೋಷಗಳನ್ನು ರೋಗಿಯ ಮನೆಯವರಿಗೆ ತಿಳಿಸಿರಬೇಕು. ಮೂರು, ಹೊಲಿಗೆ ಬಿಚ್ಚಿದ ಮೇಲೂ ರೋಗಿಯನ್ನು ಕರೆದು ನೋಡುತ್ತಿರಬೇಕು.

ಇವುಗಳಲ್ಲಿ ಎರಡನೆಯದಕ್ಕೆ ನಾವೂ ಹೆಗಲು ಕೊಡಬಹುದು. ಗಡಿನಾಡಿನ ನಮ್ಮ ಮನೆಗಳಲ್ಲಿ ಮಾತು ಕನ್ನಡ. ಸಹಿ ಹಾಕುವ ಕಾಗದ ಮರಾಠಿಯದೋ ಇಂಗ್ಲಿಷಿನದೋ ಆಗಿರುತ್ತದೆ. ಗಾಬರಿಯಲ್ಲಿರುವ ತಾಯಿಗೆ ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬ ತರುಣ ಜೊತೆಗಿದ್ದರೆ, ಅವಳು ತಿಳಿದು ಒಪ್ಪಬಲ್ಲಳು, ತಿಳಿದು ಕೇಳಬಲ್ಲಳು. ಕನ್ನಡ ಸಂಘವೊಂದು ಮಾಡಬಹುದಾದ ನುಡಿಸೇವೆಗಳಲ್ಲಿ ಇದೂ ಒಂದೆಂದು ಸದಸ್ಯರು ಆಲೋಚಿಸಲಿ.