ಕಿವಿಯ ಮೇಣ

ಕಳೆದ ವರ್ಷ ಫೆಲೋಶಿಪ್ ಹಣ ಬಂದಾಗ ಒಂದು ಇ-ಪೇಪರ್ ಟ್ಯಾಬ್ಲೆಟ್ ಕೊಂಡೆ. ಜೊತೆಗೆ, ಮಡಚಿದರೆ ಹೊದಿಕೆಯಾಗುವ, ಬಿಚ್ಚಿದರೆ ಟೈಪ್ ಮಾಡಲು ಬರುವ ಕೀಬೋರ್ಡ್ ಕವರ್. ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯ ಎಂಟು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಅಡಿಟಿಪ್ಪಣಿ ಹುಡುಕಲು ಹೋದವಳು ಅರ್ಧ ಗಂಟೆಯ ನಂತರ ಯಾರದೋ ಮದುವೆಯ ಫೋಟೊ ನೋಡುತ್ತಿರುತ್ತಿದ್ದೆ.

ಇ-ಪೇಪರ್ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಒಂದು ಬಣ್ಣ ಮೇಲೇರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಮೂಡಿದ ಅಕ್ಷರವನ್ನು ಹಾಗೇ ಉಳಿಸಿಕೊಳ್ಳಲು ಮತ್ತೆ ವಿದ್ಯುತ್ ಬೇಕಿಲ್ಲ. ಆದರೆ ಕಣಗಳು ಸರಿಯಲು ಹೊತ್ತು ಹಿಡಿಯುವುದರಿಂದ ಪರದೆ ನಿಧಾನ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಸ್ತ್ರೀ’ ಎಂದು ಬರೆಯಲು ಆರು ಕೀಲಿ ಒತ್ತಬೇಕು. ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಲ್ಲಿ ಸ ಬಂದು, ಅದರ ಕೆಳಗೆ ತ ಸೇರಿ, ರ ಬಳಸಿಕೊಂಡು, ಕೊನೆಗೆ ದೀರ್ಘ ಬರುವುದನ್ನು ಕಾಣಬಹುದು. ಮೊದಲ ವಾರ ಇದು ಕಿರಿಕಿರಿ. ಆಮೇಲೆ ನನ್ನ ಯೋಚನೆಯ ವೇಗವೂ ಇಷ್ಟೇ ಎಂದು ತಿಳಿಯಿತು. ಅಧ್ಯಾಯ ಮುಂದೆ ಸಾಗಿತು.

ಆಗಲೇ ಒಂದು ಪ್ರಶ್ನೆಯೂ ಹುಟ್ಟಿತು. ಈ ಏಕಾಗ್ರತೆ ನನ್ನದೋ, ಯಂತ್ರದ್ದೋ? ಅರಿಸ್ಟಾಟಲ್ ಎರಡು ಬಗೆಯ ಮನುಷ್ಯರನ್ನು ಬೇರೆ ಮಾಡುತ್ತಾನೆ. ಒಬ್ಬನಿಗೆ ಕೆಟ್ಟ ಆಸೆ ಇದೆ, ಅದನ್ನು ಗೆದ್ದು ಸರಿಯಾದದ್ದನ್ನು ಮಾಡುತ್ತಾನೆ. ಇನ್ನೊಬ್ಬನಿಗೆ ಅಂಥ ಆಸೆಯೇ ಇಲ್ಲ. ನಾನು ಇಬ್ಬರೂ ಅಲ್ಲ. ಆಸೆ ಹಾಗೇ ಇದೆ, ಅದನ್ನು ಗೆದ್ದಿಲ್ಲ, ದಾರಿಯನ್ನಷ್ಟೇ ಮುಚ್ಚಿದ್ದೇನೆ. ಅದೂ ಪೂರ್ತಿ ಅಲ್ಲ. ನನ್ನದು ಆ್ಯಂಡ್ರಾಯ್ಡ್ ಯಂತ್ರ, ವಾಟ್ಸ್‌ಆ್ಯಪ್ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ನನ್ನ ಸಂಯಮವೆಲ್ಲ ಆ ಒಂದು ನಿಮಿಷದ್ದು.

ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂದುಕೊಂಡೆ. ಹೋಮರನ ಒಡಿಸಿಯಸ್ ಕೂಡ ತನ್ನ ಮನಸ್ಸನ್ನು ನಂಬಲಿಲ್ಲ. ಸೈರನ್‌ಗಳ ಹಾಡಿಗೆ ಮರುಳಾಗಿ ಸಾಯಬಾರದೆಂದು ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡ. ಯಾನ್ ಎಲ್‌ಸ್ಟರ್ 1979ರ ತನ್ನ ಪುಸ್ತಕಕ್ಕೆ ಈ ಕಥೆಯಿಂದಲೇ ಹೆಸರು ಆರಿಸಿಕೊಂಡ. ತನ್ನ ದೌರ್ಬಲ್ಯ ಬಲ್ಲವನು ಮೊದಲೇ ತನ್ನ ಕೈ ಕಟ್ಟಿಸಿಕೊಳ್ಳುವುದೂ ಒಂದು ವಿವೇಕ ಎಂಬುದು ಅಲ್ಲಿನ ವಾದ. ನನಗೆ ಅಷ್ಟು ಸಮರ್ಥನೆ ಸಾಕಾಗಿತ್ತು.

ಹೋದ ಜನವರಿಯ ಒಂದು ರಾತ್ರಿಯವರೆಗೆ. ಅಂದು ಫೋನನ್ನು ಸೈಲೆಂಟ್ ಮಾಡಿ ಬಟ್ಟೆಗಳ ಕೆಳಗೆ ಇಟ್ಟು, ಬಾಗಿಲಿಗೆ ಚಿಲಕ ಹಾಕಿ, ಕಿವಿಗೆ ಇಯರ್‌ಪ್ಲಗ್ ಹಾಕಿ ಕುಳಿತಿದ್ದೆ. ಹನ್ನೊಂದೂವರೆಗೆ ಎದ್ದಾಗ ಐದು ಪುಟ ಬರೆದಿದ್ದೆ. ಹೆಮ್ಮೆಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ಮೇಲಿನ ಮಹಡಿಯ ಗೆಳತಿಯ ಎರಡು ಮಿಸ್ಡ್ ಕಾಲ್. ಊರಲ್ಲಿ ಅವಳ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬರುತ್ತೀಯಾ ಎಂದು ಕೇಳಲು ಕರೆದಿದ್ದಳು, ಬಾಗಿಲೂ ತಟ್ಟಿದ್ದಳಂತೆ. ಕೊನೆಗೆ ಒಬ್ಬಳೇ ಆಟೊ ಹಿಡಿದಿದ್ದಳು.

ಫೋನ್ ಮಾಡಿದಾಗ ಅವಳೇ ಸಮಾಧಾನ ಹೇಳಿದಳು. “ಇರ್ಲಿ ಬಿಡೇ, ನೀನು ಬರೀತಾ ಇದ್ಯಲ್ಲ. ಅಪ್ಪ ಈಗ ಪರವಾಗಿಲ್ಲ.”

ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಮೇಲೆ ಒಡಿಸಿಯಸ್‌ನ ಕಥೆಯನ್ನು ಮತ್ತೆ ಓದಿದೆ. ನಾನು ಮರೆತಿದ್ದ ವಿವರವೊಂದು ಅಲ್ಲಿತ್ತು. ಅವನು ತನ್ನ ಕೈಕಾಲು ಕಟ್ಟಿಸಿಕೊಂಡ, ಕಿವಿ ಮುಚ್ಚಿಕೊಳ್ಳಲಿಲ್ಲ. ಕಿವಿಗೆ ಮೇಣ ತುಂಬಿದ್ದು ನಾವಿಕರಿಗೆ. ಅವರಿಗೆ ಸೈರನ್‌ಗಳ ಹಾಡು ಕೇಳಿಸಲಿಲ್ಲ. ಆದರೆ ಆ ಹೊತ್ತಿನಲ್ಲಿ ಒಬ್ಬ ನಾವಿಕ ನೀರಿಗೆ ಬಿದ್ದು ಕೂಗಿದ್ದರೆ ಅದೂ ಕೇಳಿಸುತ್ತಿರಲಿಲ್ಲ. ಮೇಣಕ್ಕೆ ಹಾಡು ಯಾವುದು, ಕೂಗು ಯಾವುದು ಎಂಬ ಭೇದ ಗೊತ್ತಿಲ್ಲ. ನನ್ನನ್ನು ಒಡಿಸಿಯಸ್ ಎಂದುಕೊಂಡಿದ್ದೆ. ಆ ರಾತ್ರಿ ನಾನು ಮೇಣ ತುಂಬಿಕೊಂಡ ನಾವಿಕಳಾಗಿದ್ದೆ.

ಕನ್ನಡದಲ್ಲಿ ‘ಗಮನ’ ಎಂದರೆ ಲಕ್ಷ್ಯ. ಸಂಸ್ಕೃತದಲ್ಲಿ ಅದರ ಅರ್ಥ ಹೋಗುವುದು. ಆಗಮನ, ನಿರ್ಗಮನಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಗಮನ ಕೊಡುವುದೆಂದರೆ ಮನಸ್ಸು ಎದ್ದು ಒಂದರ ಬಳಿಗೆ ಹೋಗುವುದು. ಅನಗತ್ಯವಾದ ದಾರಿಗಳನ್ನು ನನ್ನ ಟ್ಯಾಬ್ಲೆಟ್ ಮುಚ್ಚಬಲ್ಲದು, ಅದು ದೊಡ್ಡ ಉಪಕಾರವೇ. ಆದರೆ ಯಾರ ಬಳಿಗೆ, ಯಾವಾಗ ಹೋಗಬೇಕೆಂಬ ತೀರ್ಮಾನವನ್ನು ಅದಕ್ಕೆ ಒಪ್ಪಿಸುವಂತಿಲ್ಲ. ಅದನ್ನೂ ಒಪ್ಪಿಸಿ, ಹಾಗೆ ಒಪ್ಪಿಸಿದ್ದನ್ನೇ ಸಾಧನೆ ಎಂದುಕೊಂಡದ್ದು ನನ್ನ ತಪ್ಪು.

ಈಗಲೂ ಅದರಲ್ಲೇ ಬರೆಯುತ್ತೇನೆ. ಈ ಲೇಖನವೂ ಅಲ್ಲೇ ಆದದ್ದು. ಇಯರ್‌ಪ್ಲಗ್ ಬಿಟ್ಟಿದ್ದೇನೆ. ಫೋನ್ ಮೇಜಿನ ಮೇಲೆ ಮಗುಚಿ ಬಿದ್ದಿರುತ್ತದೆ, ಸಂದೇಶಗಳಿಗೆ ಸದ್ದಿಲ್ಲ, ಕರೆಗಳಿಗೆ ಇದೆ. ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಪುಟಗಳು ಮೊದಲಿಗಿಂತ ಕಡಿಮೆ. ಕಳೆದ ವಾರ ಒಂದು ವಾಕ್ಯದ ನಡುವೆ ಅವಳು ಸಕ್ಕರೆ ಕೇಳಲು ಬಂದಳು. ಕೊಟ್ಟು ವಾಪಸ್ ಕುಳಿತರೆ ವಾಕ್ಯ ಮರೆತೇಹೋಗಿತ್ತು. ಪರದೆಯ ಮೇಲೆ ಅರ್ಧ ವಾಕ್ಯ ಹಾಗೇ ನಿಂತಿತ್ತು.