ಕೂಲಿಯ ಕುಂಚವೂ ಕರ್ತೃತ್ವವೂ

ಕಳೆದ ಆಟಿಯ ಮಳೆಯಲ್ಲಿ ಒಂದು ಸಂಜೆ, ಕಡಬದ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನು ಪುತ್ತೂರಿನ ನಮ್ಮ ಮನೆಗೆ ಬಂದು, ಚಾವಡಿಯಲ್ಲಿ ಕುಳಿತು, ಚೀಲದಿಂದ ಒಂದು ಪೆಟ್ಟಿಗೆಯನ್ನು ತೆಗೆದು ನನ್ನ ಮುಂದಿರಿಸಿದನು. ಅದರೊಳಗೆ ಹತ್ತಿಯ ನಡುವೆ ಹೆಬ್ಬೆರಳಿನ ಗೆಣ್ಣಿನಷ್ಟೇ ಎತ್ತರದ ಇಪ್ಪತ್ತು ಯೋಧರು ಮಲಗಿದ್ದರು. ಕನ್ನಡಕವನ್ನು ಒರಸಿಕೊಂಡು ನೋಡಿದೆನು. ಶಿರಸ್ತ್ರಾಣದ ಹೊಳಪು, ಮೇಲುಹೊದಿಕೆಯ ಮಡಿಕೆಗಳ ನೆರಳು, ಕಣ್ಣಿನ ಪಾಪೆಯ ಕರಿಯ ಚುಕ್ಕೆ, ಯಾವುದಕ್ಕೂ ಕೊರತೆಯಿರಲಿಲ್ಲ.

ಇವು ಮೇಜಿನ ಮೇಲೆ ಆಡುವ ಯುದ್ಧಕ್ರೀಡೆಯ ಬೊಂಬೆಗಳು. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗವನ್ನು ಬಲ್ಲ ನಮಗೆ ಇದರ ಭಾವನೆ ಹೊಸದಲ್ಲ. ಪ್ರಷ್ಯದೇಶದಲ್ಲಿ ರೈಸ್ವಿಟ್ಜ್ ಎಂಬವನು 1812ರಲ್ಲಿ ಅರಸನಿಗೆ ಒಪ್ಪಿಸಿದ ಯುದ್ಧಕ್ರೀಡೆಯನ್ನು ಅವನ ಮಗನು 1824ರಲ್ಲಿ ತಿದ್ದಿ ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆ ಒದಗಿಸಿದನು. ಆಂಗ್ಲ ಲೇಖಕನಾದ ಎಚ್. ಜಿ. ವೆಲ್ಸನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಬೊಂಬೆ ಸೈನಿಕರ ಆಟಕ್ಕೆ ನಿಯಮಗಳನ್ನು ಕೊಟ್ಟನು. ಈಗ ಅನೇಕ ದೇಶಗಳಲ್ಲಿ ಈ ಆಟವುಂಟು. ಬೊಂಬೆಗಳು ಬಣ್ಣವಿಲ್ಲದೆ ಬರುತ್ತವೆ. ಬಳಿಯಲು ತಾಳ್ಮೆಯಿಲ್ಲದವರು ಕೂಲಿ ಕೊಟ್ಟು ಬಳಿಸುತ್ತಾರೆ. ಮೊದಲು ತಳಬಣ್ಣ, ಅದರ ಮೇಲೆ ಆಯಾ ಭಾಗದ ಬಣ್ಣ, ಮಡಿಕೆಗಳಲ್ಲಿ ಇಳಿಯುವಂತೆ ನೀರಾಗಿಸಿದ ಕಡುಬಣ್ಣ, ಕೊನೆಗೆ ಉಬ್ಬಿದ ಅಂಚುಗಳಿಗೆ ತಿಳಿಬಣ್ಣ; ಇದು ಕ್ರಮ. ನಮ್ಮ ಮಳೆಗಾಲದ ತೇವದಲ್ಲಿ ಒಂದೊಂದು ಲೇಪವು ಆರುವುದಕ್ಕೂ ಕಾಯಬೇಕು. ಸ್ವಲ್ಪ ಅಡಕೆತೋಟವಿರುವ ನನ್ನ ಶಿಷ್ಯನಿಗೆ ಇದು ಉಪವೃತ್ತಿಯಾಗಿದೆ.

ಅನಂತರ ಅವನು ಬೇರೊಂದು ಬೊಂಬೆಯನ್ನು ತೆಗೆದನು. ಅದೊಬ್ಬ ಕುದುರೆಯೇರಿದ ದಳಪತಿ. ಬಿಳಿಯ ತಳಬಣ್ಣ ಮಾತ್ರ ಆಗಿತ್ತು. ದೂರದ ಗಿರಾಕಿಯೊಬ್ಬನು ಅದನ್ನು ಕಳುಹಿಸಿ ಇಮ್ಮಡಿ ಕೂಲಿಯನ್ನು ಹೇಳಿದ್ದನು. ಕರಾರು ಇಷ್ಟೆ: ಬಣ್ಣಗಾರಿಕೆಯ ಒಂದು ಸ್ಪರ್ಧೆಯಲ್ಲಿ ಆತನು ಅದನ್ನು ತನ್ನ ಕೈಕೆಲಸವೆಂದು ಇಡುವನು; ಇವನು ಬಾಯಿ ಬಿಡಕೂಡದು.

“ಬೊಂಬೆ ಅವರದ್ದು, ಹಣವೂ ಅವರದ್ದು. ಕೊಟ್ಟ ಮೇಲೆ ಅವರು ಏನು ಹೇಳಿಕೊಂಡರೆ ನನಗೇನು ಮಾಷ್ಟ್ರೇ? ಮಗಳ ಕಾಲೇಜಿನ ಶುಲ್ಕ ಕಟ್ಟಲಿಕ್ಕುಂಟು” ಎಂದನು.

ನಾನು ಒಡನೆ ಉತ್ತರ ಕೊಡಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು.

ಅವನ ಪಕ್ಷಕ್ಕೆ ಬಲವಿಲ್ಲವೆನ್ನಲಾಗದು. ಚೌತಿಗಾಗಿ ನಮ್ಮ ಊರುಗಳಲ್ಲಿ ಮಣ್ಣಿನ ಗಣಪತಿಯನ್ನು ಮಾಡಿ ಬಣ್ಣ ಬರೆಯುವವನು ವಿಗ್ರಹದ ಮೇಲೆ ತನ್ನ ಹೆಸರನ್ನು ಬರೆಯುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿ ಪ್ರಸಿದ್ಧವಾದ ಶ್ರೀತತ್ತ್ವನಿಧಿಯ ಚಿತ್ರಗಳನ್ನು ಬರೆದ ಕೈಗಳು ಅರಮನೆಯ ಚಿತ್ರಕಾರರವು. ಲೋಕದಲ್ಲಿ ನಿಂತ ಹೆಸರು ದೊರೆಯದು. ಮೀಮಾಂಸಕರಂತೂ ದಕ್ಷಿಣೆಯನ್ನು ಪರಿಕ್ರಯವೆಂದೇ ಕರೆದಿದ್ದಾರೆ: ಋತ್ವಿಜರು ಕರ್ಮವನ್ನು ಮಾಡುತ್ತಾರೆ, ಫಲವು ಯಜಮಾನನಿಗೆ ಸೇರುತ್ತದೆ. ಹಾಗಾದರೆ ಕುಂಚದ ಋತ್ವಿಜನಿಗೆ ಮಾತ್ರ ದೋಷವೇಕೆ?

ಇನ್ನೊಂದು ಕಡೆ, 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಶಿಲ್ಪಗಳ ಕೆಳಗೆ ಹೆಸರನ್ನು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಅವರೂ ಕೂಲಿ ಪಡೆದವರೇ ಆಗಿರಬೇಕು. ಹೆಸರನ್ನು ಉಳಿಸಿಕೊಳ್ಳುವುದು ಅಹಂಕಾರವೆಂದೂ ಬಿಡುವುದು ಮೋಸವೆಂದೂ ಸಾಮಾನ್ಯವಾಗಿ ವಿಧಿಸಲು ಬರುವಂತಿಲ್ಲ.

ವಿವೇಕವು ಬೇರೆ ಕಡೆಯಲ್ಲಿದೆ. ಯಜಮಾನನು ಫಲವನ್ನು ಪಡೆದರೂ ‘ಮಂತ್ರವನ್ನು ನಾನೇ ಹೇಳಿದೆನು’ ಎನ್ನುವುದಿಲ್ಲ. ಋತ್ವಿಜರು ಎಲ್ಲರೆದುರಿನಲ್ಲಿಯೇ ಕುಳಿತಿರುತ್ತಾರೆ. ದೊರೆಯು ಸ್ವತಃ ಕುಂಚ ಹಿಡಿದು ಅಷ್ಟೂ ಚಿತ್ರಗಳನ್ನು ಬರೆದನೆಂದು ಯಾರೂ ಭಾವಿಸಲಾರರು. ಗಣಪತಿಯನ್ನು ತಂದ ಗೃಹಸ್ಥನು ಅದನ್ನು ತಾನೇ ಮಾಡಿದೆನೆಂದು ಹೇಳಿ ಯಾರ ಬಹುಮಾನವನ್ನೂ ಕಸಿದುಕೊಳ್ಳುವುದಿಲ್ಲ. ಫಲವನ್ನು ವಿಕ್ರಯಿಸಬಹುದು; ಕರ್ತೃತ್ವವು ನಡೆದುಹೋದ ಸಂಗತಿ, ಅದು ಕೈ ಬದಲಾಯಿಸುವ ವಸ್ತುವಲ್ಲ. ಹೆಸರಿಲ್ಲದಿರುವಲ್ಲಿ ಮೂರನೆಯವನೊಬ್ಬನಿಗೆ ವಂಚನೆಯಾಗುವುದೋ ಎಂಬುದೇ ಪರೀಕ್ಷೆ. ಸ್ಪರ್ಧೆಯಲ್ಲಿ ಆ ಮೂರನೆಯವನು ನಿಶ್ಚಯವಾಗಿ ಇದ್ದಾನೆ: ರಾತ್ರಿಯೆಲ್ಲ ಕಣ್ಣು ನೋಯಿಸಿಕೊಂಡು ತನ್ನ ಬೊಂಬೆಗೆ ತಾನೇ ಬಣ್ಣ ಬಳಿದವನು.

ಕತ್ತಿ ಮಾರಿದವನು ಕೊಲೆಗೆ ಹೊಣೆಯೇ ಎಂದು ವಾಚಕರು ಕೇಳಬಹುದು. ಕತ್ತಿಯ ಅಂಗಡಿಯವನಿಗೆ ಗಿರಾಕಿಯ ಮನಸ್ಸು ತಿಳಿಯದು. ಇಲ್ಲಿಯಾದರೋ ಉದ್ದೇಶವನ್ನು ಮೊದಲೇ ಹೇಳಲಾಗಿದೆ; ಬಣ್ಣಕ್ಕೆ ಸಲ್ಲುವ ಕೂಲಿ ಒಂದು ಪಾಲಾದರೆ, ಇಮ್ಮಡಿಯಾದ ಮತ್ತೊಂದು ಪಾಲು ಮೌನದ ಬೆಲೆ. ಅದನ್ನು ಪಡೆದವನು ಅಜ್ಞಾನವನ್ನು ಹೇಳಿಕೊಳ್ಳಲಾರನು.

ಇಷ್ಟನ್ನೂ ನಾನು ಆ ಸಂಜೆ ಥಟ್ಟನೆ ಹೇಳಲಾರದೆ ಹೋದುದಕ್ಕೆ ಕಾರಣವಿದು. ಮೂವತ್ತು ವರ್ಷಗಳಿಗೂ ಹಿಂದೆ ಅನುಕೂಲಸ್ಥರೊಬ್ಬರು ತಮ್ಮ ಮಗನಿಗಾಗಿ ಒಂದು ಪ್ರಬಂಧವನ್ನು ನನ್ನಿಂದ ಬರೆಯಿಸಿಕೊಂಡರು. ನನ್ನ ಮನೆಯ ಹಂಚು ಸೋರುತ್ತಿದ್ದ ಕಾಲ. ಅವರು ಕೊಟ್ಟುದನ್ನು ನಾನು ತೆಗೆದುಕೊಂಡೆನು. ಪ್ರಬಂಧವು ಸ್ಪರ್ಧೆಗೆ ಹೋಗುವುದೆಂದು ನನಗೆ ಗೊತ್ತಿತ್ತು. ಆ ಹುಡುಗನಿಗೆ ಮೊದಲನೆಯ ಬಹುಮಾನ ಬಂದಿತು. ಎರಡನೆಯದು ಬಂದುದು ನನ್ನ ತರಗತಿಯ ಇನ್ನೊಬ್ಬ ಹುಡುಗನಿಗೆ. ಅವನು ತಾನೇ ಬರೆದಿದ್ದನು, ಅವನ ಕರಡಿನಲ್ಲಿ ಕಾಗುಣಿತವನ್ನು ತಿದ್ದಿದವನೂ ನಾನೇ. “ನನ್ನದರಲ್ಲಿ ಏನು ಕಡಿಮೆಯಾಯಿತು ಸರ್?” ಎಂದು ಅವನು ಕೇಳಿದಾಗ, ಭಾಷೆ ಇನ್ನೂ ಪಕ್ವವಾಗಬೇಕೆಂದು ಉತ್ತರ ಕೊಟ್ಟೆನು. ಹದಿನಾಲ್ಕು ವರ್ಷದ ಬಾಲಕನನ್ನು ನನ್ನ ಪ್ರೌಢಭಾಷೆಯೊಡನೆ ಸ್ಪರ್ಧೆಗೆ ನಿಲ್ಲಿಸಿ, ಸೋಲನ್ನು ಅವನ ಮೇಲೆಯೇ ಹೊರಿಸಿದೆನು.

ಇದನ್ನು ನನ್ನ ಶಿಷ್ಯನಿಗೆ ಹೇಳಿ, “ನೋಡು ಮಾರಾಯ, ಹಂಚು ಆ ವರ್ಷವೇ ಸರಿಯಾಯಿತು. ಮಾತು ಮಾತ್ರ ಇನ್ನೂ ಸೋರುತ್ತಾ ಉಂಟು” ಎಂದೆನು. ಅವನು ಪೆಟ್ಟಿಗೆಯನ್ನು ಮುಚ್ಚಿಕೊಂಡು ಮಳೆಯಲ್ಲಿಯೇ ಹೊರಟನು.

ವಾರದ ಮೇಲೆ ಅವನು ಗಿರಾಕಿಗೆ ಬರೆದನಂತೆ: ಸಾಮಾನ್ಯ ಕೂಲಿಗೇ ಬಳಿದುಕೊಡುವೆನು, ಸ್ಪರ್ಧೆಯಲ್ಲಿ ಇಡುವುದಾದರೆ ಬಳಿದವನು ನಾನೆಂದು ಹೇಳಬೇಕು. ಆ ಗಿರಾಕಿಗೆ ಅದು ಒಪ್ಪಿಗೆಯಾಗಲಿಲ್ಲ. ದಳಪತಿಯು ಬಿಳಿಯಾಗಿಯೇ ಹಿಂದಿರುಗಿದನು. ಮಗಳ ಶುಲ್ಕಕ್ಕೆ ನನ್ನ ಶಿಷ್ಯನು ಸಾಲ ಮಾಡಿದನೆಂದು ಅನಂತರ ತಿಳಿಯಿತು. ಧರ್ಮವನ್ನು ಕುರಿತು ಉಪನ್ಯಾಸ ಮಾಡುವುದು ಸುಲಭ. ಈ ಸಂದರ್ಭದಲ್ಲಿ ಅದರ ಬೆಲೆಯನ್ನು ತೆತ್ತವನು ಅವನು, ಉಪದೇಶಿಸಿದ ನಾನಲ್ಲ.

ಎರಡನೆಯ ಬಹುಮಾನದ ಆ ಹುಡುಗನು ಈಗ ಸುಳ್ಯದ ಕಡೆಯಲ್ಲಿ ಮಕ್ಕಳೊಂದಿಗನಾಗಿ ಇದ್ದಾನೆ. ಅವನಿಗೆ ನಾನು ಇಂದಿನವರೆಗೂ ಸತ್ಯವನ್ನು ತಿಳಿಸಿಲ್ಲ. ಈ ಲೇಖನವು ಅಚ್ಚಾಗಿ ಅವನ ಕೈಸೇರುವುದಕ್ಕೆ ಮೊದಲು ನನ್ನ ಕಾಗದವು ಅವನಿಗೆ ತಲುಪತಕ್ಕದ್ದೆಂದು ನಿಶ್ಚಯಿಸಿದ್ದೇನೆ.