ಅಲ್ಲಾಡ್ಬೇಡ ಅಪ್ಪ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಹೋದ ತಿಂಗಳು ಇಎಂಐನಲ್ಲಿ ಕ್ಯಾಮೆರಾ ತಗೊಂಡ. ಎರಡು ವಾರ ಕಳೆಯೋದ್ರೊಳಗೆ ಲಂಚ್ ಟೇಬಲ್ಲಿಗೆ ಬಂದು ಮುಖ ಸಣ್ಣ ಮಾಡ್ಕೊಂಡು ಕೂತ. "ಇಷ್ಟು ದುಡ್ಡು ಸುರಿದಿದ್ದೀನಿ, ಫೋಟೋ ನೋಡಿದ್ರೆ ಮೊಬೈಲಿಗಿಂತ ಮಸುಕು. ಏನ್ ಮಾಡ್ಲಿ?"

ಈ ಪ್ರಶ್ನೆ ಕೇಳಿದವರಿಗೆಲ್ಲ ಒಪ್ಪಿಸೋದಕ್ಕೆ ನನ್ನ ಹತ್ರ ಒಂದು ರೆಡಿ ಪಾಠ ಇದೆ. ನಿಮ್ಮಲ್ಲೂ ಯಾರಾದ್ರೂ ಹೊಸ ಕ್ಯಾಮೆರಾ ಕೊಂಡಿದ್ರೆ ಕೇಳಿಸ್ಕೊಳ್ಳಿ, ಕಾಸಿಲ್ಲ.

ಫೋಟೋ ಮಸುಕಾಗೋದಕ್ಕೆ ಮುಖ್ಯ ಕಾರಣ ಮೂರು. ನಿಮ್ಮ ಕೈ ಅಲ್ಲಾಡಿರತ್ತೆ, ಎದುರಿಗಿರೋರು ಅಲ್ಲಾಡಿರ್ತಾರೆ, ಇಲ್ಲಾ ಫೋಕಸ್ ಬೇರೆಲ್ಲೋ ಹೋಗಿ ಕೂತಿರತ್ತೆ. ಕೈ ಅಲ್ಲಾಡೋದಕ್ಕೆ ಹಳೇ ಲೆಕ್ಕ ಒಂದಿದೆ. ಲೆನ್ಸ್ ಎಷ್ಟು ಎಂಎಂ ಇದೆಯೋ, ಷಟರ್ ಸ್ಪೀಡಿನ ಕೆಳಗಿನ ಸಂಖ್ಯೆ ಅದಕ್ಕಿಂತ ಕಡಿಮೆ ಇರಬಾರದು. 50 ಎಂಎಂಗೆ 1/50, ಚಿಕ್ಕ ಸೆನ್ಸರಿನ ಕ್ಯಾಮೆರಾ ಆದರೆ 1/80. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಬಟನ್ ಮೆಲ್ಲಗೆ ಒತ್ತಿ. ಎದುರಿಗಿರೋರು ಅಲ್ಲಾಡಿದ್ರೆ ಲೆನ್ಸಿನೊಳಗಿನ ಸ್ಟೆಬಿಲೈಜೇಶನ್ ಏನೂ ಮಾಡಲ್ಲ. ಅದು ನಿಮ್ಮ ಕೈನಡುಕಕ್ಕೆ ಮಾತ್ರ ಔಷಧಿ. ಓಡೋ ಮಕ್ಕಳಿಗೆ 1/500 ಬೇಕು, ಹಾರೋ ಹಕ್ಕಿಗೆ 1/2000. ಫೋಕಸ್ ಎಲ್ಲಿರಬೇಕು ಅನ್ನೋದನ್ನ ಕ್ಯಾಮೆರಾಗೆ ಬಿಡಬೇಡಿ, ಒಂದೇ ಪಾಯಿಂಟ್ ಇಟ್ಟು ಹತ್ತಿರದ ಕಣ್ಣಿನ ಮೇಲೆ ಕೂರಿಸಿ. ಮದುವೆ ಗುಂಪಿನ ಫೋಟೋನ ಎಫ್ 1.8ರಲ್ಲಿ ತೆಗೆದ್ರೆ ಮುಂದಿನ ಸಾಲಿನ ಅತ್ತೆ ಶಾರ್ಪ್, ಹಿಂದಿನ ಸಾಲಿನ ಮಾವ ಮಂಜು. ಎಫ್ 8 ಇಡಿ. ಬೆಳಕು ಸಾಲದಿದ್ರೆ ಐಎಸ್ಓ ಏರಿಸೋಕೆ ಹೆದರಬೇಡಿ. ಕಾಳು ಕಾಳಾಗಿ ಬಂದ ಫೋಟೋನ ಸರಿಮಾಡಬಹುದು, ಅಲ್ಲಾಡಿದ್ದನ್ನ ಮಾಡೋಕಾಗಲ್ಲ.

ಎಡಿಟಿಂಗಿನಲ್ಲಿ ಮೊದಲು ಗೆರೆ ನೇರ ಮಾಡಿ, ಬೇಡದ ಅಂಚು ಕತ್ತರಿಸಿ, ಬೆಳಕು, ಬಣ್ಣ ಸರಿಮಾಡಿ. ಶಾರ್ಪನಿಂಗ್ ಕೊನೇಲಿ, ಅದೂ ಉಪ್ಪು ಹಾಕಿದಷ್ಟು. ಇದಕ್ಕಿರೋ ಹಳೇ ಟೂಲಿನ ಹೆಸರು ಅನ್‌ಶಾರ್ಪ್ ಮಾಸ್ಕ್. ಶಾರ್ಪ್ ಮಾಡೋ ಟೂಲಿಗೆ ಇದೆಂಥ ಹೆಸರು ಅಂತ ನನಗೂ ಮೊದಲು ಅನಿಸಿತ್ತು. ಡಾರ್ಕ್‌ರೂಮಿನ ಕಾಲದಲ್ಲಿ ನೆಗೆಟಿವಿನದೇ ಒಂದು ಮಸುಕಾದ ಪ್ರತಿ ಮಾಡಿ, ಅದನ್ನ ನೆಗೆಟಿವಿಗೆ ಜೋಡಿಸಿ ಪ್ರಿಂಟ್ ಹಾಕ್ತಿದ್ರಂತೆ. ಆಗ ಅಂಚುಗಳು ಎದ್ದು ಕಾಣ್ತಿದ್ವು. ಇವತ್ತಿನ ಸಾಫ್ಟ್‌ವೇರ್ ಮಾಡೋದೂ ಅದೇ ಲೆಕ್ಕ. ಮಸುಕು ಪ್ರತಿಗೂ ಮೂಲಕ್ಕೂ ಇರೋ ವ್ಯತ್ಯಾಸ ತಗೊಂಡು ಮೂಲಕ್ಕೆ ಸೇರಿಸತ್ತೆ. ಹೊಸ ವಿವರ ಏನೂ ಬರಲ್ಲ, ಇದ್ದದ್ದೇ ಗಟ್ಟಿಯಾಗಿ ಕೇಳಿಸತ್ತೆ ಅಷ್ಟೆ.

ಪಾಠದ ಕೊನೇ ಸಾಲು ಒಂದಿತ್ತು. "ಶಾರ್ಪ್ ಇಲ್ಲದ್ದನ್ನೆಲ್ಲ ಅವತ್ತೇ ಡಿಲೀಟ್ ಮಾಡು." ಈ ಸಲ ಆ ಸಾಲು ಬಾಯಿಗೆ ಬಂದು ನಿಂತುಬಿಡ್ತು. ಯಾಕೆ ಅಂತ ಅವನಿಗೆ ಹೇಳಲಿಲ್ಲ, ಇಲ್ಲಿ ಹೇಳ್ತೀನಿ.

ನಮ್ಮೂರು ತಿಪಟೂರಿನ ಹತ್ರ ಒಂದು ಹಳ್ಳಿ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿ, ಎರಡನೇ ವರ್ಷದ ಇನ್‌ಕ್ರಿಮೆಂಟಿಗೆ ಕ್ಯಾಮೆರಾ ಕೊಂಡೆ. ಭಾನುವಾರ ಬೆಳಗ್ಗೆ ಲಾಲ್‌ಬಾಗ್, ಇಲ್ಲಾ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲು, ರಜೆ ಸಿಕ್ಕಿದ್ರೆ ರಂಗನತಿಟ್ಟು. ಮನೆಗೆ ಬಂದು ಪ್ರತಿ ಫೋಟೋನ ನೂರು ಪರ್ಸೆಂಟ್ ಹಿಗ್ಗಿಸಿ ಕಣ್ಣಿನ ರೆಪ್ಪೆ ಎಣಿಸೋದು, ಎಣಿಕೆಗೆ ಸಿಗದಿದ್ರೆ ಡಿಲೀಟ್. ಸೋಮವಾರ ಆಫೀಸಿನಲ್ಲಿ ಮಾಡೋ ಕೋಡ್ ರಿವ್ಯೂ ಭಾನುವಾರವೇ ಶುರುವಾಗ್ತಿತ್ತು.

ಊರಿಗೆ ಹೋದಾಗಲೂ ಕ್ಯಾಮೆರಾ ಇರ್ತಿತ್ತು. ನಮ್ಮ ಕಡೆ ತೆಂಗಿನಕಾಯಿನ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಕೊಂಡು ಉಂಡೆ ಆಗತ್ತೆ. ಆಗಿದೆಯೋ ಇಲ್ವೋ ಅಂತ ನೋಡೋಕೆ ಕಾಯಿನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ. ಒಳಗೆ ಗಡಗಡ ಅಂದ್ರೆ ಆಗಿದೆ ಅಂತ. ಒಂದು ಮಧ್ಯಾಹ್ನ ಅಪ್ಪ ಅಟ್ಟದ ಮೇಲೆ ಹಾಗೆ ಅಲ್ಲಾಡಿಸ್ತಾ ಕೂತಿದ್ರು. ಹೆಂಚಿನ ಸಂದಿಯಿಂದ ಒಂದೇ ಒಂದು ಬೆಳಕಿನ ಕೋಲು. ನಾನು ಏಣಿ ಹತ್ತಿ ಕ್ಯಾಮೆರಾ ಹಿಡಿದು, "ಅಲ್ಲಾಡ್ಬೇಡ ಅಪ್ಪ" ಅಂದೆ.

ಅಪ್ಪಂಗೆ ನಗು ತಡೆಯೋಕಾಗಲಿಲ್ಲ. "ಅಲ್ಲಾಡಿಸದೆ ಕೊಬ್ಬರಿ ಗೊತ್ತಾಗತ್ತೇನೋ ಮಗನೇ?" ಅಂತ ಕಾಯಿನ ಇನ್ನೂ ಜೋರಾಗಿ ಅಲ್ಲಾಡಿಸಿದ್ರು. ನಾನು ಕ್ಲಿಕ್ ಮಾಡಿದೆ. ಬಂದದ್ದು ಒಂದು ಬಿಳೀ ಬನಿಯನ್ನು, ಗಾಳಿ ತಿರುಗಿದ ಹಾಗೆ ಒಂದು ಕೈ, ಅರ್ಧ ಅಳಿಸಿಹೋದ ಒಂದು ನಗು. ಆಗ ನಾನು ಐಎಸ್ಓ 400 ದಾಟಿಸ್ತಿರಲಿಲ್ಲ, ಕಾಳು ಬರತ್ತೆ ಅಂತ ಭಯ. 3200 ಇಟ್ಟಿದ್ರೆ 1/8 ಸೆಕೆಂಡಿನ ಜಾಗದಲ್ಲಿ 1/60 ಸಿಕ್ತಿತ್ತು. ಕೈಯಲ್ಲದಿದ್ರೆ ಮುಖವಾದ್ರೂ ಉಳೀತಿತ್ತು. ಅಲ್ಲಾಡಿದ್ದು ಅಪ್ಪ, ತಪ್ಪು ನಂದು. ತಂಗಿಗೆ "ನೋಡೇ ಅಪ್ಪನ ಅವತಾರ" ಅಂತ ವಾಟ್ಸಾಪ್ ಮಾಡಿ, ಮೂಲವನ್ನ ಡಿಲೀಟ್ ಮಾಡಿದೆ.

ಅಪ್ಪ ಹೋಗಿ ಈಗ ಐದು ವರ್ಷ. ಅದಾದ ಎರಡು ವರ್ಷಕ್ಕೆ ತಂಗಿ ಮದುವೆ ಆಯ್ತು. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಆ ಮದುವೆ ಆಲ್ಬಂ ತೆಗೆದು ಗುಂಪಿನ ಫೋಟೋ ತೋರಿಸಿದ್ರು. "ಇದರಲ್ಲಿ ನಿಮ್ಮಪ್ಪನ್ನ ನಿಲ್ಸೋಕಾಗತ್ತಾ? ಹಿಂದಿನ ಬೀದಿಯೋರಿಗೆ ಸ್ಟುಡಿಯೋದಲ್ಲಿ ಹಂಗೇ ಮಾಡ್ಕೊಟ್ಟವ್ರೆ."

ನಾನು ಆಗಲ್ಲ ಅಂದೆ. ಟೆಕ್ನಿಕಲ್ಲಾಗಿ ಆಗತ್ತೆ, ಆದ್ರೆ ಅದು ಸುಳ್ಳಮ್ಮ ಅಂದೆ. ಆ ಹೊತ್ತಿಗೆ ನಾನು ಫೋಟೋಗಳ ಸತ್ಯಾಸತ್ಯದ ಬಗ್ಗೆ ಸಾಕಷ್ಟು ಓದಿಕೊಂಡಿದ್ದೆ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅಡ್ಡ ಫೋಟೋನ ಉದ್ದದ ಮುಖಪುಟಕ್ಕೆ ಹೊಂದಿಸೋಕೆ ಈಜಿಪ್ಟಿನ ಪಿರಮಿಡ್ಡನ್ನ ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿ, ಬೈಸಿಕೊಂಡಿತ್ತು. 2010ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಬಹುಮಾನ ಬಂದ ಫೋಟೋ ಸರಣಿ ಒಂದನ್ನ ಅನರ್ಹ ಮಾಡಿದ್ರು. ಆ ಫೋಟೋಗ್ರಾಫರ್ ಅದರಲ್ಲೊಂದು ಮೂಲ ಚಿತ್ರವನ್ನ ಬಹಳಷ್ಟು ಕತ್ತರಿಸಿ ಕಪ್ಪು ಬಿಳುಪು ಮಾಡಿದ್ದ, ಅದಕ್ಕಲ್ಲ. ಹಿನ್ನೆಲೆಯಲ್ಲಿ ಕಾಣ್ತಿದ್ದ ಯಾರದೋ ಪಾದದ ಒಂದು ಚೂರನ್ನ ಅಳಿಸಿದ್ದ, ಅದಕ್ಕೆ. ಒಂದು ಪಾದದ ಚೂರು ಅಳಿಸಿದ್ದಕ್ಕೇ ಇಷ್ಟಾದ್ರೆ, ಒಬ್ಬ ಮನುಷ್ಯನನ್ನೇ ತಂದು ನಿಲ್ಸೋದು? ಇದನ್ನೆಲ್ಲ ಅಮ್ಮಂಗೆ ನನಗೆ ತಿಳಿದ ಹಾಗೆ ಹೇಳಿದೆ.

ಅಮ್ಮ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಗೋಡೆ ಕಡೆ ಕೈ ತೋರಿಸಿ, "ಅದೇನು ಮತ್ತೆ?" ಅಂದ್ರು. ಅಲ್ಲಿ ನಾನೇ ತೆಗೆದು ಫ್ರೇಮ್ ಹಾಕಿಸಿದ್ದ ನಮ್ಮೂರ ಕೆರೆಯ ಫೋಟೋ ಇತ್ತು. ಅದರಲ್ಲಿ ಕರೆಂಟ್ ತಂತಿ ಇಲ್ಲ, ಕಂಬ ಇಲ್ಲ, ಏರಿ ಮೇಲಿನ ಪ್ಲಾಸ್ಟಿಕ್ ಇಲ್ಲ. ಆಕಾಶ ಮಾತ್ರ ನಮ್ಮೂರಲ್ಲಿ ಯಾವತ್ತೂ ಇರದ ಕೇಸರಿ ಬಣ್ಣದಲ್ಲಿತ್ತು. "ನೀನು ಕಂಬ ಕಿತ್ತರೆ ಕಲೆ, ನಾನು ನಿಮ್ಮಪ್ಪನ್ನ ಕೇಳಿದ್ರೆ ಸುಳ್ಳಾ?"

ಉತ್ತರ ಇರಲಿಲ್ಲ. ಮತ್ತೆ ಫೋಟೋ ನೋಡಿದೆ. ಎಲ್ಲರ ಮುಖವೂ ಶಾರ್ಪ್. ಇರಲೇಬೇಕು, ಅವತ್ತು ಫೋಟೋಗ್ರಾಫರಿನ ಪಕ್ಕ ನಿಂತು ಎಫ್ 8 ಇಡಿ, ಐಎಸ್ಓ ನೋಡ್ಕೊಳಿ ಅಂತ ತಲೆ ತಿಂದವನು ನಾನೇ. ಮಧ್ಯದಲ್ಲಿ ಹೆಣ್ಣು ಗಂಡು, ಅಕ್ಕಪಕ್ಕ ಧಾರೆ ಎರೆದುಕೊಟ್ಟ ಚಿಕ್ಕಪ್ಪ ಚಿಕ್ಕಮ್ಮ, ಬೀಗರು, ನೆಂಟರು. ಅಮ್ಮ ಎಲ್ಲಿ? ಸ್ಟೇಜಿನ ಎಡತುದಿಯಲ್ಲಿ, ಎಲ್ಲರಿಗಿಂತ ಅರ್ಧ ಹೆಜ್ಜೆ ಹಿಂದೆ. ಗಂಡ ಇಲ್ಲದವರು ಶುಭಕಾರ್ಯದಲ್ಲಿ ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಿರಲಿಲ್ಲ. ಹೇಳೋ ಅಗತ್ಯವೇ ಇರಲಿಲ್ಲ, ಅಮ್ಮ ತಾವಾಗೇ ಹೋಗಿ ನಿಂತಿದ್ರು. ಹೆತ್ತ ತಾಯಿನ ಮುಂದಕ್ಕೆ ಕರೀಬೇಕು ಅಂತ ಇಷ್ಟು ಓದಿದ ನನಗೂ ಹೊಳೆದಿರಲಿಲ್ಲ. ನನ್ನ ಫೋಕಸ್ ಬೇರೆಲ್ಲೋ ಇತ್ತು.

ಮಾಡ್ತೀನಿ ಅಂದೆ.

ಅಪ್ಪನ ಫೋಟೋ ಹುಡುಕೋಕೆ ಕೂತಾಗ ಇನ್ನೊಂದು ಗೊತ್ತಾಯ್ತು. ಹಾರ್ಡ್ ಡಿಸ್ಕಿನಲ್ಲಿ ಅಪ್ಪನ ಫೋಟೋ ಬೇಕಾದಷ್ಟಿವೆ, ಒಂದೊಂದೂ ಶಾರ್ಪ್. ಎಲ್ಲದರಲ್ಲೂ ಅಪ್ಪ ವೋಟರ್ ಐಡಿಗೆ ನಿಂತ ಹಾಗೆ ನಿಂತಿದ್ದಾರೆ. ಅಲ್ಲಾಡ್ಬೇಡ ಅಂದಿದ್ದೆನಲ್ಲ, ಅಲ್ಲಾಡಿಲ್ಲ. ಮಾತಾಡಿದ, ನಕ್ಕ, ಬೈದ, ತಿರುಗಿದ ಅಪ್ಪನನ್ನೆಲ್ಲ ಒಂದೊಂದೇ ಡಿಲೀಟ್ ಮಾಡಿದವನು ನಾನು. ತಂತಿ ಕಂಬ ಅಳಿಸಿದ್ದಕ್ಕಿಂತ ಇದು ದೊಡ್ಡ ಎಡಿಟಿಂಗ್. ಒಂದು ಪಿಕ್ಸೆಲ್ ಮುಟ್ಟದೆ, ಯಾವ ಸ್ಪರ್ಧೆಯ ನಿಯಮವನ್ನೂ ಮುರಿಯದೆ, ಒಬ್ಬ ಗಲಗಲ ಅನ್ನೋ ಮನುಷ್ಯನನ್ನ ಗಂಭೀರ ವ್ಯಕ್ತಿ ಮಾಡಿಬಿಟ್ಟಿದ್ದೆ.

ಅಟ್ಟದ ಫೋಟೋ ತಂಗಿಯ ಹಳೇ ಫೋನಿನಲ್ಲಿ ಸಿಕ್ತು. ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡಿದ ಚಿಕ್ಕ ಫೈಲು. ಆಸೆಗೆ ಅದನ್ನ ಒಂದು ಎಐ ಟೂಲಿಗೆ ಹಾಕಿದೆ. ಅರ್ಧ ನಿಮಿಷದಲ್ಲಿ ಅಪ್ಪನ ಮುಖ ಕಣ್ಣಿಗೆ ಹೊಡೆಯೋ ಹಾಗೆ ಶಾರ್ಪಾಗಿ ಬಂತು. ಆದ್ರೆ ಅಪ್ಪಂಗೆ ಮೇಲಿನ ಸಾಲಲ್ಲಿ ಒಂದು ಹಲ್ಲಿರಲಿಲ್ಲ. ಇಲ್ಲಿ ಮೂವತ್ತೆರಡೂ ಸಾಲಾಗಿ, ಬೆಳ್ಳಗೆ ನಗ್ತಿದ್ವು. ಹಳೇ ಶಾರ್ಪನಿಂಗ್ ಇದ್ದದ್ದನ್ನೇ ಗಟ್ಟಿ ಮಾಡತ್ತೆ ಅಂದೆನಲ್ಲ, ಇದು ಹಾಗಲ್ಲ. ಗೊತ್ತಿಲ್ಲದ ಕಡೆ ಊಹೆ ಮಾಡಿ ತುಂಬತ್ತೆ. ಯಾರ್ಯಾರದೋ ಹಲ್ಲು ತಂದು ನಮ್ಮಪ್ಪನ ಬಾಯಿಗೆ ಕೂರಿಸಿತ್ತು. ನೋಡೋಕಾಗದೆ ಮುಚ್ಚಿದೆ.

ಕೊನೆಗೆ ವೋಟರ್ ಐಡಿ ಅಪ್ಪನನ್ನೇ ತೆಗೆದು, ಸ್ಟೇಜಿನ ಹಳದಿ ಬೆಳಕಿಗೆ ಬಣ್ಣ ಹೊಂದಿಸಿ, ಕಾಲ ಕೆಳಗೆ ನೆರಳು ಬರೆದು, ಅಮ್ಮನ ಪಕ್ಕ ತುದಿಯಲ್ಲಿ ನಿಲ್ಲಿಸಿದೆ. ಅಮ್ಮ ಲ್ಯಾಪ್‌ಟಾಪಿನ ಹತ್ರ ಬಗ್ಗಿ ನೋಡಿದ್ರು. "ತುದೀಲಿ ಬ್ಯಾಡ. ಇಬ್ಬರನ್ನೂ ಹುಡುಗಿ ಪಕ್ಕಕ್ಕೆ ತಾ." ತಂದೆ. ಇನ್ನೊಂದು ಸಲ ನೋಡಿದ್ರು. "ಚೆನ್ನಾಗದೆ. ಆದ್ರೆ ನಿಮ್ಮಪ್ಪ ಇಷ್ಟು ಹೊತ್ತು ಒಂದೇ ಕಡೆ ಯಾವತ್ತು ನಿಂತಿದ್ರು?"

ಈಗ ಆ ಫೋಟೋ ಹಾಲಿನಲ್ಲಿದೆ. ಕೆರೆ ಫೋಟೋ ಇದ್ದ ಮೊಳೆಗೇ ಹಾಕಿದ್ದೀವಿ. ಅಟ್ಟದ ಮಸುಕು ಫೋಟೋನ ಇದ್ದ ಹಾಗೇ, ಅಂಗೈಯಷ್ಟು ಸೈಜಿಗೆ ಪ್ರಿಂಟ್ ಹಾಕಿಸಿದೆ. ಅದು ಅಮ್ಮನ ಬೀರುವಿನಲ್ಲಿ, ಸೀರೆಗಳ ನಡುವೆ ಇರತ್ತೆ.

ನಾನು ಮಾಡಿದ್ದು ಸರಿಯಾ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಮದುವೆ ಫೋಟೋಗೂ ಅದೇ ರಿಯಾಯಿತಿ ಇದೆಯಾ? ತುಂಬ ದಿನ ಯೋಚನೆ ಮಾಡಿದೀನಿ. ಸುದ್ದಿ ಫೋಟೋದ ನಿಯಮವನ್ನ ಮನೆ ಗೋಡೆಗೆ ಹಾಗೇ ತರೋಕಾಗಲ್ಲ. ಪತ್ರಿಕೆ ಓದೋನು ಅಲ್ಲಿರಲಿಲ್ಲ, ಫೋಟೋನ ನಂಬದೆ ಅವನಿಗೆ ಬೇರೆ ದಾರಿಯಿಲ್ಲ. ಅಮ್ಮ ಅಲ್ಲೇ ಇದ್ರು. ಅಪ್ಪ ಬಂದಿರಲಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೋಸ ಹೋಗೋರು ಯಾರೂ ಇಲ್ಲದಿದ್ರೆ ಅದನ್ನ ಮೋಸ ಅನ್ನೋದು ಕಷ್ಟ. ಅಮ್ಮಂಗೆ ಅದು ಸಾಕ್ಷಿ ಅಲ್ಲ, ಆಸೆ.

ಆದ್ರೆ ಫೋಟೋಗಳು ನಮಗಿಂತ ಜಾಸ್ತಿ ದಿನ ಬದುಕ್ತವೆ. ತಂಗಿಗೆ ಒಂದೂವರೆ ವರ್ಷದ ಮಗಳಿದ್ದಾಳೆ. ಅವಳು ದೊಡ್ಡವಳಾಗಿ ಗೋಡೆ ನೋಡಿದಾಗ, ತಾತ ಮದುವೆಗೆ ಬಂದಿದ್ರು ಅಂದ್ಕೋತಾಳೆ. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಮಧ್ಯದಲ್ಲೇ ನಿಂತಿದ್ರು ಅಂದ್ಕೋತಾಳೆ. ಅವಳ ಅಜ್ಜಿನ ಅರ್ಧ ಹೆಜ್ಜೆ ಹಿಂದೆ ನಿಲ್ಲಿಸಿದವರ ತಪ್ಪು, ನೋಡ್ಕೊಂಡು ಸುಮ್ಮನಿದ್ದ ಅವಳ ಮಾವನ ತಪ್ಪು, ಎರಡೂ ನನ್ನ ಎಡಿಟಿಂಗಿನಲ್ಲಿ ಮಾಯ. ಅಮ್ಮನ ಆಸೆ ತೀರಿಸೋ ನೆಪದಲ್ಲಿ ನನ್ನ ಕಲೆಯನ್ನೂ ಒರೆಸಿಕೊಂಡ ಹಾಗಾಯ್ತು. ನನ್ನನ್ನ ಈಗಲೂ ಚುಚ್ಚೋದು ಅದೇ.

ಅದಕ್ಕೆ ಈ ಸಂಕ್ರಾಂತಿಗೆ ಹೋದಾಗ ಫ್ರೇಮ್ ಇಳಿಸಿ, ಹಿಂದಿನ ರಟ್ಟು ಬಿಚ್ಚಿ, ಮೂಲ ಫೋಟೋದ ಪ್ರಿಂಟ್ ಒಂದನ್ನ ಒಳಗಿಟ್ಟೆ. ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದೆ: "ಈ ಫೋಟೋ ಅಮ್ಮ ಹೇಳಿ ಮಾಡಿಸಿದ್ದು. ಅಪ್ಪ ಅವತ್ತು ಇರಲಿಲ್ಲ. ಅಮ್ಮ ನಿಂತಿದ್ದು ಎಲ್ಲಿ ಅಂತ ಒಳಗಿರೋ ಫೋಟೋದಲ್ಲಿದೆ." ಕೆಳಗೆ ಸಹಿ, ತಾರೀಖು. ಅಮ್ಮ ಓದಿ, ಏನೂ ಹೇಳದೆ ಫ್ರೇಮಿನ ಗಾಜು ಒರೆಸಿಕೊಟ್ರು.

ಆ ಹುಡುಗನಿಗೆ ಪಾಠದ ಕೊನೇ ಸಾಲನ್ನ ಬದಲಾಯಿಸಿ ಹೇಳಿದೆ. ಹಕ್ಕಿ, ಹೂವು, ಬೆಟ್ಟದ್ದು ಮಸುಕಾಗಿದ್ರೆ ಅವತ್ತೇ ಡಿಲೀಟ್ ಮಾಡು. ಮನೆಯವರದ್ದು ಮಸುಕಾಗಿದ್ರೆ ಒಂದು ಫೋಲ್ಡರ್ ಮಾಡಿ ಹಾಕಿಡು. ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಜಾಗಕ್ಕೇನೂ ಬರ ಇಲ್ಲ. ಮತ್ತೆ, ಐಎಸ್ಓ ಏರಿಸೋಕೆ ಹೆದರಬೇಡ.